ತುರುಬು ಕಟ್ಟಿಕೊಂಡವರು

ಹೋದ ಸಂಕ್ರಾಂತಿಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಳ್ಳು ಬೀರುವ ನೆಪದಲ್ಲಿ ಮನೆಗೆ ಬಂದಳು. ನನ್ನ ಸಮಾಜ ವಿಜ್ಞಾನದ ಪೀರಿಯಡ್ಡಿನಲ್ಲಿ ಕಡೆಯ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದ ಹುಡುಗಿ. ಈಗ ಸಿಂಗಪುರದಲ್ಲಿ ಕೆಲಸ. ಕಾಫಿ ಕುಡಿಯುತ್ತಾ ಅಲ್ಲಿಯ ತನ್ನ ಸಹೋದ್ಯೋಗಿಯೊಬ್ಬಳ ಕಥೆ ಹೇಳಿದಳು.

ಆ ಸಹೋದ್ಯೋಗಿ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದವಳು, ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು. ಆರು ವರ್ಷದಿಂದ ಇನ್ನೊಬ್ಬ ಹೆಣ್ಣುಮಗಳೊಡನೆ ಸಂಸಾರ ಹೂಡಿದ್ದಾಳೆ. ಗೆಳತಿಯರ ಸಹವಾಸ ಎನ್ನುತ್ತೇವಲ್ಲ, ಅಷ್ಟೇ ಅಲ್ಲ. ಗಂಡ ಹೆಂಡಿರ ಹಾಗೆ. ಚೀನೀ ಹೊಸವರ್ಷಕ್ಕೆ ಅಪ್ಪ ಅಮ್ಮ ಮಗಳ ಮನೆಗೆ ಬರುತ್ತಾರೆ. ಅದಕ್ಕೆ ಎರಡು ದಿನ ಮುಂಚೆ ಮನೆಯಲ್ಲಿ ದೊಡ್ಡ ಕೆಲಸ. ಎರಡನೆಯ ದಿಂಬು, ಎರಡನೆಯ ಹಲ್ಲುಜ್ಜುವ ಬ್ರಷ್ಷು, ಗೋಡೆಯ ಮೇಲಿನ ಫೋಟೋ, ಬಾಗಿಲ ಬಳಿಯ ಚಪ್ಪಲಿ ಎಲ್ಲವೂ ಪೆಟ್ಟಿಗೆ ಸೇರುತ್ತವೆ. ಪೆಟ್ಟಿಗೆಯ ಜೊತೆ ಆ ಗೆಳತಿಯೂ ಹದಿನೈದು ದಿನ ಎಲ್ಲೋ ಬಾಡಿಗೆ ಕೋಣೆಗೆ ಹೋಗಿ ಇರುತ್ತಾಳೆ. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲಾ ಒಟ್ಟಿಗೆ ಕೂತು ಉಣ್ಣುವ ರಾತ್ರಿ ಅವಳಿಗೆ ಹೋಟೆಲಿನ ಊಟ.

"ಅದಕ್ಕಿಂತ ಒಂದು ಮದುವೆ ಆಗಿಬಿಟ್ಟರೆ ಎಲ್ಲಾ ಸರಿಹೋಗುತ್ತಿತ್ತಲ್ಲಮ್ಮಾ" ಎಂದೆ.

"ಮದುವೆ ಆಗಿದೆ ಮಿಸ್. ಕಥೆ ಇರೋದೇ ಅಲ್ಲಿ" ಎಂದು ನಕ್ಕಳು. ಗಂಡನೆನ್ನಿಸಿಕೊಂಡವನಿಗೆ ಬೇರೊಬ್ಬ ಗಂಡಸಿನೊಡನೆ ಸಂಸಾರ. ಅವನ ಮನೆಯವರ ಕಾಟಕ್ಕೆ ಅವನು, ಇವಳ ಮನೆಯವರ ಕಾಟಕ್ಕೆ ಇವಳು, ಇಬ್ಬರೂ ಒಪ್ಪಿ ಮಾಡಿಕೊಂಡ ಮದುವೆ. ಹಬ್ಬಕ್ಕೆ ಅವನು ಬಂದು ಅಳಿಯನಾಗಿ ಕೂರುತ್ತಾನೆ. ಅವನಿಗೆ ಯಾವ ಅಡಿಗೆ ಇಷ್ಟ, ಇವಳು ಯಾವ ಮಾತ್ರೆ ನುಂಗುತ್ತಾಳೆ, ಎಲ್ಲವನ್ನೂ ಹಿಂದಿನ ದಿನ ಪರೀಕ್ಷೆಗೆ ಓದಿದ ಹಾಗೆ ಓದಿಕೊಳ್ಳುತ್ತಾರಂತೆ. ಈಗ ಅಪ್ಪ ಅಮ್ಮ ಮೊಮ್ಮಗು ಯಾವಾಗ ಎಂದು ಶುರುಮಾಡಿದ್ದಾರೆ.

ನಾನೂ ನಕ್ಕೆ. ಆಮೇಲೆ "ಪಾಪ ಆ ಅಪ್ಪ ಅಮ್ಮ" ಎಂದೆ.

"ಪಾಪ ಯಾರು ಅಂತಾನೇ ನನಗೆ ಗೊತ್ತಾಗಲ್ಲ ಮಿಸ್" ಎಂದು ಅವಳು ಲೋಟ ಕೆಳಗಿಟ್ಟಳು.

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಯಾವುದೇ ವಿಷಯ ಕೇಳಿದರೂ 'ಇದಕ್ಕೆ ಹಿಂದೆ ಏನಿತ್ತು?' ಎಂದು ಹುಡುಕುವುದು. ಹಾಗೆ ಒಂದಷ್ಟು ತಿಂಗಳು ಓದಿದೆ. ಓದುತ್ತಾ ಹೋದಂತೆ ನಾನು ಅಂದುಕೊಂಡಿದ್ದು ಒಂದು, ಅಲ್ಲಿ ಸಿಕ್ಕಿದ್ದು ಇನ್ನೊಂದು.

ಇದೆಲ್ಲಾ ಈಚಿನ ಕಾಲದ್ದು, ಪರದೇಶದಿಂದ ಬಂದದ್ದು ಎಂದು ನಾವು ಹೇಳುವ ಹಾಗೆ ಚೀನಾದಲ್ಲೂ ಹಿರಿಯರು ಹೇಳುವುದುಂಟು. ಆದರೆ ಎರಡು ಸಾವಿರ ವರ್ಷದ ಹಿಂದೆ ಹಾನ್ ವಂಶದ ಆಯ್ ಎಂಬ ಚಕ್ರವರ್ತಿ ಇದ್ದ. ಕ್ರಿಸ್ತಪೂರ್ವ 7ರಿಂದ 1ರವರೆಗೆ ಆಳಿದವನು. ಅವನಿಗೆ ದೊಂಗ್ ಷ್ಯೆನ್ ಎಂಬ ತರುಣನ ಮೇಲೆ ಪ್ರೇಮ. ಒಂದು ಮಧ್ಯಾಹ್ನ ದೊಂಗ್ ಷ್ಯೆನ್ ಚಕ್ರವರ್ತಿಯ ಅಂಗಿಯ ತೋಳಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದನಂತೆ. ಚಕ್ರವರ್ತಿ ಏಳಬೇಕಾಗಿತ್ತು, ಅವನನ್ನು ಎಬ್ಬಿಸಲು ಮನಸ್ಸಾಗದೆ ತೋಳನ್ನೇ ಕತ್ತರಿಸಿ ಎದ್ದುಹೋದನಂತೆ. ಅಂದಿನಿಂದ ಚೀನೀ ಭಾಷೆಯಲ್ಲಿ 'ಕತ್ತರಿಸಿದ ತೋಳು' ಎಂದರೆ ಗಂಡಸರಿಬ್ಬರ ಪ್ರೇಮ ಎಂದೇ ಅರ್ಥ. ಇದನ್ನು ದಾಖಲಿಸಿದ್ದು ಹಾನ್ ವಂಶದ ಇತಿಹಾಸ ಗ್ರಂಥ. ಬಾನ್ ಗೂ ಬರೆದು, ಅವನು ತೀರಿಕೊಂಡ ಮೇಲೆ ಅವನ ತಂಗಿ ಬಾನ್ ಝಾವ್ ಪೂರ್ತಿಮಾಡಿದ ಪುಸ್ತಕ.

ಈ ಕಥೆಯನ್ನು ಎಲ್ಲರೂ ತೋಳಿನವರೆಗೆ ಹೇಳಿ ನಿಲ್ಲಿಸುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಭಾಗ. ಚಕ್ರವರ್ತಿಗೆ ಸಾಮ್ರಾಜ್ಞಿ ಇದ್ದಳು. ದೊಂಗ್ ಷ್ಯೆನ್‌ಗೂ ಹೆಂಡತಿ ಇದ್ದಳು. ಅವಳನ್ನೂ ಅರಮನೆಯಲ್ಲೇ ಇರಿಸಿದ್ದರು. ಅವನ ತಂಗಿಯನ್ನು ಚಕ್ರವರ್ತಿ ರಾಣಿವಾಸಕ್ಕೆ ಸೇರಿಸಿಕೊಂಡ. ಚಕ್ರವರ್ತಿ ಮಕ್ಕಳಿಲ್ಲದೆ ಸತ್ತಾಗ ಅಧಿಕಾರ ವಾಂಗ್ ಮಾಂಗ್ ಎಂಬವನ ಕೈಗೆ ಹೋಯಿತು. ದೊಂಗ್ ಷ್ಯೆನ್ ಪದವಿ ಕಳೆದುಕೊಂಡು ಆತ್ಮಹತ್ಯೆ ಮಾಡಿಕೊಂಡ. ಜೊತೆಗೆ ಅವನ ಹೆಂಡತಿಯೂ ಸತ್ತಳು. ತೋಳಿನ ಕಥೆ ಜಗತ್ತಿಗೆಲ್ಲಾ ಗೊತ್ತು, ಆ ಹೆಂಡತಿಯ ಹೆಸರು ಮಾತ್ರ ಯಾರಿಗೂ ಬೇಡ.

ಅಂದರೆ ಪ್ರೇಮವನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಮನೆತನ ಕೇಳುತ್ತಿದ್ದುದು ಬೇರೆಯದನ್ನು. ಮಕ್ಕಳು ಮಾಡಬಹುದಾದ ಅಪರಾಧಗಳಲ್ಲಿ ವಂಶಕ್ಕೆ ಸಂತಾನ ಕೊಡದಿರುವುದೇ ಎಲ್ಲಕ್ಕಿಂತ ದೊಡ್ಡದು ಎಂಬುದು ಮೆನ್ಷಿಯಸ್‌ನ ಹೆಸರಿನಲ್ಲಿ ಅಲ್ಲಿಯ ಪ್ರತಿ ಮನೆಯಲ್ಲೂ ಕಾಲಾಂತರದಿಂದ ನಡೆದುಬಂದ ಮಾತು. ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ನಮ್ಮ ಪಿತೃಪಕ್ಷದ ಹಾಗೆ ಅವರಿಗೆ ಏಪ್ರಿಲ್ ಮೊದಲ ವಾರದಲ್ಲಿ ಛಿಂಗ್‌ಮಿಂಗ್. ಹಿರಿಯರ ಗೋರಿ ಗುಡಿಸಿ, ಎಡೆಯಿಟ್ಟು, ಧೂಪ ಹಚ್ಚುತ್ತಾರೆ. ಮನೆಯೊಳಗೆ ತೀರಿಕೊಂಡವರ ಹೆಸರು ಬರೆದ ಮರದ ಫಲಕಗಳು. ನಾಳೆ ನನ್ನ ಫಲಕದ ಮುಂದೆ ಧೂಪ ಹಚ್ಚುವವರು ಯಾರು ಎಂಬುದೇ ಪ್ರತಿ ತಾಯಿತಂದೆಯ ಭಯ. ಮಗ ಮದುವೆಯಾಗಿ ಗಂಡುಮಗು ಹುಟ್ಟಿಸಿಬಿಟ್ಟರೆ, ಅವನ ಮಿಕ್ಕ ಸ್ನೇಹಗಳ ಗೊಡವೆಗೆ ಬಹಳ ಮಂದಿ ಹೋಗುತ್ತಿರಲಿಲ್ಲ. ಗಂಡಸರಿಗೆ ಹೀಗೆ ಒಂದು ದಾರಿ ಇತ್ತು.

ಹೆಂಗಸರ ಗತಿ? ಅದಕ್ಕೆ ಉತ್ತರ ನನಗೆ ರೇಷ್ಮೆಯಲ್ಲಿ ಸಿಕ್ಕಿತು. ನಮ್ಮದೂ ರೇಷ್ಮೆಯ ಊರೇ. ಬೆಳಿಗ್ಗೆ ಶಾಲೆಗೆ ನಡೆದುಹೋಗುವಾಗ ಬಿಸಿನೀರಿನಲ್ಲಿ ಗೂಡು ಬೇಯುವ ವಾಸನೆ ಮೂಗಿಗೆ ಬಡಿಯುತ್ತದೆ; ನೀರಲ್ಲಿ ಕೈಯಾಡಿಸಿ ಆಡಿಸಿ ಬೆರಳು ಬಿಳಿಚಿಕೊಂಡ ತಾಯಂದಿರು ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಲು ಬರುತ್ತಾರೆ. ಹಾಗಾಗಿ ಗ್ವಾಂಗ್‌ಡಾಂಗಿನ ರೇಷ್ಮೆ ಹೆಂಗಸರ ಬಗ್ಗೆ ಓದಿದಾಗ ಪರದೇಶದ ಸುದ್ದಿ ಎನ್ನಿಸಲಿಲ್ಲ.

ಆ ಪ್ರಾಂತ್ಯದಲ್ಲಿ ಪರ್ಲ್ ನದಿ ಕವಲೊಡೆಯುವ ಬಯಲಿದೆ. ಷುಂದೆ, ನಾನ್‌ಹಾಯ್, ಪಾನ್‌ಯೂ ಎಂಬ ಸೀಮೆಗಳು. ಎಲ್ಲಿ ನೋಡಿದರೂ ಹಿಪ್ಪುನೇರಳೆ, ನಡುನಡುವೆ ಮೀನಿನ ಹೊಂಡ. 1870ರ ದಶಕದಲ್ಲಿ ಅಲ್ಲಿಗೆ ಹಬೆಯಿಂದ ನಡೆಯುವ ನೂಲು ತೆಗೆಯುವ ಕಾರ್ಖಾನೆಗಳು ಬಂದವು. ಕೆಲಸಕ್ಕೆ ಬೇಕಾದವರು ಹೆಣ್ಣುಮಕ್ಕಳು, ಅದರಲ್ಲೂ ಕೈಗೂಸಿಲ್ಲದ ಹೆಣ್ಣುಮಕ್ಕಳು. ಮೊದಲ ಬಾರಿಗೆ ಹಳ್ಳಿಯ ಹುಡುಗಿಯ ಕೈಯಲ್ಲಿ ತಾನೇ ದುಡಿದ ಕಾಸು ಬಂತು.

ಆ ಸೀಮೆಯ ವಾಡಿಕೆಯಲ್ಲಿ ಹುಡುಗಿಯರದ್ದು ಒಂದೇ ಜಡೆ. ಮದುವೆಯ ಸಮಯದಲ್ಲಿ ಹಿರಿಯ ಮುತ್ತೈದೆಯೊಬ್ಬಳು ಆ ಜಡೆ ಬಿಚ್ಚಿ, ಬಾಚಿ, ತುರುಬು ಕಟ್ಟುತ್ತಿದ್ದಳು. ಮದುವೆ ಬೇಡವೆಂದ ಹುಡುಗಿಯರು ಒಂದು ಉಪಾಯ ಕಂಡುಕೊಂಡರು. ತಮ್ಮ ತುರುಬನ್ನು ತಾವೇ ಕಟ್ಟಿಕೊಂಡರು. ಅದೂ ಕದ್ದುಮುಚ್ಚಿ ಅಲ್ಲ. ಒಳ್ಳೆಯ ದಿನ ನೋಡಿ, ಹೊಸ ಬಟ್ಟೆ ಉಟ್ಟು, ಕರುಣಾದೇವಿಯಾದ ಗ್ವಾನ್‌ಯಿನ್ ಮುಂದೆ ಜೀವಮಾನವಿಡೀ ಮದುವೆಯಾಗುವುದಿಲ್ಲವೆಂದು ಆಣೆಯಿಟ್ಟು, ಬಂಧುಬಳಗಕ್ಕೆ ಮದುವೆ ಊಟದಂಥ ಊಟ ಹಾಕಿಸಿ ಮಾಡುವ ಶಾಸ್ತ್ರ. ಇಂಥವರನ್ನು ಚೀನೀ ಭಾಷೆಯಲ್ಲಿ 'ತಾನೇ ಬಾಚಿಕೊಂಡವಳು' ಎಂಬರ್ಥ ಬರುವಂತೆ ಕರೆಯುತ್ತಾರೆ. ಒಮ್ಮೆ ಹೀಗೆ ತುರುಬು ಕಟ್ಟಿಕೊಂಡವಳನ್ನು ತಾಯಿತಂದೆಯೂ ಮದುವೆಗೆ ಬಲವಂತ ಮಾಡುವಂತಿರಲಿಲ್ಲ.

ಅಷ್ಟು ಬಿಗಿಯಾದ ಮನೆತನಗಳು ಇದಕ್ಕೆ ಹೇಗೆ ಒಪ್ಪಿದವು? ಉತ್ತರ ಎರಡು. ಒಂದು, ಶಾಸ್ತ್ರ ನಡೆದಿತ್ತು. ನಾಲ್ಕು ಜನರಿಗೆ ತೋರಿಸಲು ತುರುಬಿತ್ತು. ಎರಡು, ಮಗಳ ಸಂಬಳ ಮನೆಗೆ ಬರುತ್ತಿತ್ತು. ಅಣ್ಣತಮ್ಮಂದಿರ ಮದುವೆಯ ಖರ್ಚು ಅದರಲ್ಲೇ ನಡೆಯುತ್ತಿತ್ತು. ಶಾಸ್ತ್ರಕ್ಕೂ ಕಾಸಿಗೂ ಬಗ್ಗದ ಸಂಪ್ರದಾಯ ನಾನಂತೂ ಎಲ್ಲೂ ಕಂಡಿಲ್ಲ.

ಇವರೆಲ್ಲರೂ ಹೆಂಗಸರನ್ನೇ ಪ್ರೀತಿಸಿದವರು ಎಂದರೆ ತಪ್ಪಾಗುತ್ತದೆ. ಅತ್ತೆಮನೆಯ ಜೀತ ಬೇಡವೆಂದು, ಹೆರಿಗೆಯ ಸಾವಿಗೆ ಹೆದರಿ, ತನ್ನ ದುಡಿಮೆ ತನ್ನಲ್ಲಿರಲೆಂದು ಒಂಟಿ ನಿಂತವರೇ ಹೆಚ್ಚಿರಬೇಕು. ಆದರೆ ಅವರಲ್ಲಿ ಜೋಡಿಗಳೂ ಇದ್ದವು. 'ಚಿನ್ನದ ಆರ್ಕಿಡ್' ಎಂಬ ಹೆಸರಿನ ಸೋದರಿತನದ ಸಂಘಗಳಲ್ಲಿ ಇಬ್ಬರು ಹೆಂಗಸರು ಉಡುಗೊರೆ ಕೊಟ್ಟು ತೆಗೆದುಕೊಂಡು, ಸಾಕ್ಷಿಗಳ ಮುಂದೆ ಒಬ್ಬರಿಗೊಬ್ಬರು ಮಾತು ಕೊಟ್ಟು ಒಟ್ಟಿಗೆ ಬಾಳುತ್ತಿದ್ದರೆಂದೂ, ಹೆಣ್ಣುಮಗುವನ್ನು ದತ್ತು ತೆಗೆದುಕೊಂಡು ತಮ್ಮ ಆಸ್ತಿ ಕೊಡುತ್ತಿದ್ದರೆಂದೂ ಆ ಕಾಲದ ಚೀನೀ ಬರಹಗಾರರೇ ಬರೆದಿದ್ದಾರೆ. ಕೆಲವರು ಅಸಹ್ಯದಿಂದ ಬರೆದರು, ಆದರೂ ಬರೆದಿಟ್ಟರು. ನಮ್ಮ ಸರೋಜಿನಿ ನಾಯ್ಡು ಅವರ ತಮ್ಮ ವೀರೇಂದ್ರನಾಥ ಚಟ್ಟೋಪಾಧ್ಯಾಯರೊಡನೆ ಬರ್ಲಿನ್ನಿನಲ್ಲಿ ಕೆಲವು ವರ್ಷ ಬಾಳಿದ ಅಮೆರಿಕದ ಪತ್ರಕರ್ತೆ ಆಗ್ನೆಸ್ ಸ್ಮೆಡ್ಲಿ 1930ರ ಸುಮಾರಿಗೆ ಈ ರೇಷ್ಮೆ ಸೀಮೆಗೆ ಹೋಗಿದ್ದಳು. ಜೊತೆಗೆ ಬಂದ ಗಂಡಸು ಈ ಹೆಂಗಸರ ಮೇಲೆ ಕಿಡಿಕಾರುತ್ತಿದ್ದನೆಂದೂ, ತನಗೆ ಮಾತ್ರ ತಲೆಯೆತ್ತಿ ನಡೆಯುವ ಆ ಹೆಂಗಸರನ್ನು ಕಂಡು ಗೌರವ ಮೂಡಿತೆಂದೂ ಅವಳ ಬರಹದಿಂದ ತಿಳಿಯುತ್ತದೆ.

ಆದರೆ ಇದನ್ನು ಬಿಡುಗಡೆಯ ಕಥೆ ಎಂದು ಮುಗಿಸಿಬಿಡುವ ಹಾಗಿಲ್ಲ. ತುರುಬು ಕಟ್ಟಿಕೊಂಡವಳು ತವರುಮನೆಯಲ್ಲಿ ಪ್ರಾಣ ಬಿಡುವಂತಿರಲಿಲ್ಲ. ಹೆಣ್ಣಿನ ಫಲಕಕ್ಕೆ ಜಾಗ ಗಂಡನ ಮನೆಯಲ್ಲಿ. ಇವಳಿಗೆ ಗಂಡನ ಮನೆಯೇ ಇಲ್ಲ. ಅದಕ್ಕೆ ಕೆಲವರು ಎಂದೋ ಸತ್ತುಹೋದ ಗಂಡಸಿಗೆ, ಅವನ ಮನೆಯವರಿಗೆ ದುಡ್ಡು ಕೊಟ್ಟು, ಹೆಸರಿಗೆ ಹೆಂಡತಿಯಾದರು. ತನ್ನ ಫಲಕಕ್ಕೆ ಒಂದು ಗೂಡು ಸಿಗಲಿ ಎಂದು. ಮಿಕ್ಕವರು ಒಟ್ಟಾಗಿ ದುಡ್ಡು ಹಾಕಿ ಮನೆ ಕೊಂಡು, ಅಲ್ಲೇ ಮುಪ್ಪಾಗಿ, ಒಬ್ಬರ ಬಾಯಿಗೊಬ್ಬರು ಗಂಗೋದಕ ಬಿಟ್ಟ ಹಾಗೆ ನೋಡಿಕೊಂಡರು. 1930ರ ದಶಕದಲ್ಲಿ ಜಗತ್ತಿನ ಪೇಟೆ ಕುಸಿದು ಕಾರ್ಖಾನೆಗಳು ಮುಚ್ಚಿದಾಗ ಸಾವಿರಾರು ಮಂದಿ ಸಿಂಗಪುರ, ಮಲಯ, ಹಾಂಗ್‌ಕಾಂಗಿಗೆ ಹೋಗಿ ಮನೆಗೆಲಸಕ್ಕೆ ಸೇರಿದರು. ಬಿಳಿ ಅಂಗಿ, ಕಪ್ಪು ಷರಾಯಿ, ಹಿಂದೆ ಜಡೆ ಅಥವಾ ತುರುಬು. ಸಿಂಗಪುರದಲ್ಲಿ ದುಡಿದವರು ಕಾಸು ಕೂಡಿಸಿ 1950ರ ಸುಮಾರಿಗೆ ಷುಂದೆಯ ಜುನ್‌ಆನ್‌ನಲ್ಲಿ ಮುಪ್ಪಿನ ಕಾಲಕ್ಕೆಂದು ಒಂದು ಮನೆ ಕಟ್ಟಿಸಿದರು. 'ಬಿಂಗ್ ಯೂ ತಾಂಗ್', ಅಂದರೆ ಹಿಮ ಮತ್ತು ಪಚ್ಚೆಯ ಮನೆ. ಅದು ಈಗಲೂ ಇದೆ, ವಸ್ತುಸಂಗ್ರಹಾಲಯವಾಗಿ.

ಇನ್ನೂ ಒಂದು ಪದ್ಧತಿ ಇತ್ತು. ಮದುವೆಯಾಗಿ ಮೂರನೆಯ ದಿನಕ್ಕೆ ತವರಿಗೆ ವಾಪಸು ಬಂದು, ವರ್ಷಗಟ್ಟಲೆ ಅಲ್ಲೇ ಇರುವುದು. ಕೊನೆಗೂ ಗಂಡನ ಮನೆಗೆ ಹೋಗಲು ಮನಸ್ಸಿಲ್ಲದವಳು ತನ್ನ ಸಂಬಳದಲ್ಲಿ ಗಂಡನಿಗೆ ಇನ್ನೊಬ್ಬಳನ್ನು ಕೊಂಡುಕೊಟ್ಟು ಬಿಡಿಸಿಕೊಳ್ಳುತ್ತಿದ್ದಳು. ಕೊಂಡು ತಂದ ಹೆಣ್ಣಿಗೆ ಹುಟ್ಟಿದ ಮಕ್ಕಳು ಹೆಸರಿಗೆ ಇವಳ ಮಕ್ಕಳು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ದುಡಿಯುವ ಹೆಣ್ಣು ತಪ್ಪಿಸಿಕೊಂಡಳು, ಸರಿ. ಅವಳ ಜಾಗಕ್ಕೆ ಬಂದವಳು ಯಾವ ಬಡವರ ಮನೆಯ ಮಗಳೋ? ಅವಳನ್ನು ಯಾರು ಕೇಳಿದರು?

ಈಗ ನಮ್ಮ ಕಾಲಕ್ಕೆ ಬರೋಣ. ನಮ್ಮ ದೇಶದ ದಂಡ ಸಂಹಿತೆಯಲ್ಲಿದ್ದ 377ನೇ ಕಲಮು ಬ್ರಿಟಿಷರ ಕೊಡುಗೆಯಾಗಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರು ಒಪ್ಪಿ ಇರುವ ಸಂಬಂಧವನ್ನು ಅದರಿಂದ ಹೊರಗಿಟ್ಟಿತು. ಸಿಂಗಪುರದಲ್ಲೂ ಗಂಡಸರಿಗೆ ಮಾತ್ರ ಅನ್ವಯಿಸುತ್ತಿದ್ದ ಅಂಥದ್ದೇ ಕಾನೂನನ್ನು 2022ರಲ್ಲಿ ತೆಗೆಯಲು ತೀರ್ಮಾನವಾಯಿತು. ಚೀನಾದ ಮುಖ್ಯಭೂಮಿಯಲ್ಲಿ 'ಪುಂಡಾಟಿಕೆ' ಎಂಬ ಅಪರಾಧದ ಹೆಸರಿನಲ್ಲಿ ಹಿಡಿದು ಶಿಕ್ಷಿಸುತ್ತಿದ್ದರು. 1997ರಲ್ಲಿ ಆ ಅಪರಾಧವನ್ನೇ ದಂಡ ಸಂಹಿತೆಯಿಂದ ತೆಗೆದರು. 2001ರಲ್ಲಿ ಅಲ್ಲಿಯ ಮನೋವೈದ್ಯರು ಇದನ್ನು ಕಾಯಿಲೆಗಳ ಪಟ್ಟಿಯಿಂದಲೂ ಕೈಬಿಟ್ಟರು. ಹಾಗಾದರೆ ಪೆಟ್ಟಿಗೆ ಕಟ್ಟುವುದು ಯಾರಿಗೆ ಹೆದರಿ? ಪೊಲೀಸರಿಗಿಂತ ಹೆಚ್ಚಾಗಿ ಅಮ್ಮನಿಗೆ. 2016ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಚೀನಾದಲ್ಲಿ ಸುಮಾರು 30 ಸಾವಿರ ಜನರನ್ನು ಕೇಳಿ ಒಂದು ವರದಿ ಹೊರತಂದರು. ಇಂಥ ಒಲವಿನವರಲ್ಲಿ ಮನೆಯವರಿಗೆ ಹೇಳಿಕೊಂಡವರು ನೂರಕ್ಕೆ ಹದಿನೈದು ಮಂದಿಯಷ್ಟೇ.

1980ರಿಂದ 2015ರವರೆಗೆ ನಡೆದ ಒಂದೇ ಮಗುವಿನ ನೀತಿ ಈ ಗಂಟನ್ನು ಇನ್ನೂ ಬಿಗಿಮಾಡಿತು. ಮೊದಲಾದರೆ ಒಬ್ಬ ಮಗ ಮದುವೆಯಾಗದಿದ್ದರೂ ಇನ್ನಿಬ್ಬರು ಇರುತ್ತಿದ್ದರು. ಈಗ ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ, ಆರು ಜನರ ಆಸೆ ಒಂದೇ ತಲೆಯ ಮೇಲೆ. ಆದ್ದರಿಂದಲೇ ನನ್ನ ಶಿಷ್ಯೆ ಹೇಳಿದ ಆ ಹೆಸರಿಗೊಂದು ಮದುವೆ. ಅದಕ್ಕೆ ಚೀನೀ ಭಾಷೆಯಲ್ಲಿ 'ರೂಪದ ಮದುವೆ' ಎಂಬರ್ಥದ ಹೆಸರೇ ಇದೆ. ಅಲ್ಲಿ ಇಬ್ಬರಿಗೂ ಸತ್ಯ ಗೊತ್ತಿರುತ್ತದೆ. ಮೋಸ ಹೋಗುವವರು ಹಿರಿಯರು ಮಾತ್ರ. ಆದರೆ ಒಬ್ಬರಿಗಷ್ಟೇ ಗೊತ್ತಿರುವ ಮದುವೆಗಳೇ ಹೆಚ್ಚು. ಗಂಡಸರನ್ನು ಪ್ರೀತಿಸುವ ಗಂಡಸನ್ನು ತಿಳಿಯದೆ ಕೈಹಿಡಿದ ಹೆಣ್ಣುಮಕ್ಕಳಿಗೂ ಅಲ್ಲಿ ಒಂದು ಹೆಸರಿದೆ, 'ತೊಂಗ್‌ಛಿ'. ಛಿಂಗ್‌ದಾವ್ ನಗರದ ವೈದ್ಯಕೀಯ ಪ್ರಾಧ್ಯಾಪಕ ಝಾಂಗ್ ಬೈಚುವಾನ್ ಇಂಥವರ ಸಂಖ್ಯೆ ಕೋಟಿ ದಾಟುತ್ತದೆಂದು ಅಂದಾಜು ಮಾಡಿದ್ದರು. ಅಂದಾಜು ಎಂದರೆ ಅಂದಾಜೇ; ಆದರೂ ಕೋಟಿ ಎಂಬ ಮಾತು ಕೇಳಿ ಎದೆ ಧಸಕ್ಕೆಂದಿತು.

ಯಾಕೆಂದರೆ ಅವರಲ್ಲಿ ಒಬ್ಬಳನ್ನು ನಾನು ಬಲ್ಲೆ. ಅವಳು ಚೀನಾದವಳಲ್ಲ, ನನ್ನ ವಿದ್ಯಾರ್ಥಿನಿ. ಬಹಳ ವರ್ಷದ ಹಿಂದೆ ಪರಿಚಯದವರೊಬ್ಬರು ಬಂದು, ಮಗ ಮದುವೆಯೆಂದರೆ ಮುಖ ತಿರುಗಿಸುತ್ತಾನೆ, ಅವನಿಗೆ ಯಾರೋ ಸ್ನೇಹಿತನೇ ಸರ್ವಸ್ವವಾಗಿದ್ದಾನೆ ಎಂದು ಕಣ್ಣೀರಿಟ್ಟರು. ನಾನು ಆಗಲೂ ಅದೇ ಮಾತು ಹೇಳಿದೆ. ಒಂದು ಮದುವೆ ಆಗಿಬಿಟ್ಟರೆ ಎಲ್ಲಾ ಸರಿಹೋಗುತ್ತದೆ ಎಂದು. ಅಷ್ಟಕ್ಕೇ ನಿಲ್ಲದೆ ಹುಡುಗಿಯನ್ನೂ ನಾನೇ ತೋರಿಸಿದೆ. ಒಳ್ಳೆಯ ಹುಡುಗಿ, ಜಾಣೆ. ನಾಲ್ಕು ವರ್ಷ ಕಳೆದು ಬರಿಗೈಯಲ್ಲಿ ತವರಿಗೆ ಬಂದಳು. ಬಂಜೆ ಎಂದರು, ಗಂಡನನ್ನು ಒಲಿಸಿಕೊಳ್ಳಲು ಬರದವಳು ಎಂದರು. ನಾನು ಬಾಯಿ ಬಿಡಲಿಲ್ಲ.

ಈ ಓದೆಲ್ಲಾ ಆದಮೇಲೆ ಅವಳ ಮನೆಗೆ ಹೋಗಿ, ನನಗೆ ಅನುಮಾನವಿತ್ತು, ಇದ್ದೂ ಹೇಳಲಿಲ್ಲ ಎಂದೆ. ಅವಳು ಹೊಲಿಗೆ ಯಂತ್ರದ ಮುಂದಿಂದ ಏಳದೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಅವರೂ ಅಳ್ತಿದ್ರು ಮಿಸ್, ರಾತ್ರಿ ಹೊತ್ತು. ನಾನೇ ಏನೋ ತಪ್ಪು ಮಾಡಿದೀನಿ ಅಂದ್ಕೋತಿದ್ದೆ. ಯಾರಾದ್ರೂ ಒಬ್ಬರು ಒಂದು ಮಾತು ಹೇಳಿದ್ರೆ ಅಷ್ಟು ವರ್ಷ ನನ್ನನ್ನ ನಾನೇ ಬೈಕೊಳ್ಳೋದು ತಪ್ತಿತ್ತು." ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನು ಕೇಳುವ ಹಾಗೂ ಇರಲಿಲ್ಲ.

ತೈವಾನ್ ಮೂಲದ ನಿರ್ದೇಶಕ ಆಂಗ್ ಲೀ 1993ರಲ್ಲಿ 'ದಿ ವೆಡ್ಡಿಂಗ್ ಬ್ಯಾಂಕ್ವೆಟ್' ಎಂಬ ಚಿತ್ರ ಮಾಡಿದರು. ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ದೊಡ್ಡ ಪ್ರಶಸ್ತಿ ಬಂತು. ನ್ಯೂಯಾರ್ಕಿನಲ್ಲಿ ಅಮೆರಿಕದ ಗೆಳೆಯನೊಡನೆ ಸಂಸಾರ ಮಾಡಿಕೊಂಡಿರುವ ತೈವಾನಿನ ಮಗ, ತೈಪೆಯಿಂದ ಬರುವ ಅಪ್ಪ ಅಮ್ಮನ ಕಣ್ಣೊರೆಸಲು ಬಾಡಿಗೆದಾರಳಾದ ಬಡ ಚಿತ್ರಕಲಾವಿದೆಯೊಬ್ಬಳನ್ನು ಮದುವೆಯಾಗುವ ಕಥೆ. ಶಿಷ್ಯೆ ಹೇಳಿದಳೆಂದು ನೋಡಿದೆ. ಮೊದಲರ್ಧ ನಗು. ಕೊನೆಗೆ ತಿಳಿಯುವುದೇನೆಂದರೆ, ಅಪ್ಪನಿಗೆ ಎಲ್ಲವೂ ಗೊತ್ತು. ಮೊಮ್ಮಗುವಿನ ಆಸೆಗೆ ಗೊತ್ತಿಲ್ಲದವರ ಹಾಗೆ ಇದ್ದುಬಿಟ್ಟಿದ್ದಾನೆ. ಅಮ್ಮನಿಗೂ ಗೊತ್ತು, ಆದರೆ ಅಪ್ಪನಿಗೆ ತಿಳಿಯಬಾರದು. ಎಲ್ಲರೂ ಎಲ್ಲರಿಂದಲೂ ಮುಚ್ಚಿಟ್ಟು, ಎಲ್ಲರಿಗೂ ಎಲ್ಲವೂ ಗೊತ್ತಿರುವ ಮನೆ! ಇಂಥ ಮನೆಗಳು ನಮ್ಮ ಬೀದಿಯಲ್ಲೂ ಎಷ್ಟಿಲ್ಲ? ಆದರೆ ಆ ಮೊಮ್ಮಗುವನ್ನು ಹೊತ್ತವಳು ಆ ಬಡ ಹುಡುಗಿ.

ಕೊನೆಯದಾಗಿ ಒಬ್ಬ ತಾಯಿಯ ವಿಷಯ. ಗ್ವಾಂಗ್‌ಝೌ ನಗರದ ವೂ ಯೂಜಿಯಾನ್ ಪತ್ರಿಕೆಯೊಂದರ ಸಂಪಾದಕಿಯಾಗಿದ್ದು ನಿವೃತ್ತರಾದವರು. ಅದೇ ರೇಷ್ಮೆ ಸೀಮೆಯ ಪಕ್ಕದ ಊರು. ಮಗ ತನ್ನ ವಿಷಯ ಹೇಳಿಕೊಂಡಾಗ ಅವರು ಅವನ ಪರ ನಿಂತರು. 2005ರಲ್ಲಿ ಮಗನೊಡನೆ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡರು. 2008ರಲ್ಲಿ ಇಂಥ ಮಕ್ಕಳ ತಾಯಿತಂದೆಯರ ಸಂಘ ಕಟ್ಟಿದರು. ಊರೂರಿನ ಅಮ್ಮಂದಿರು ಅವರಿಗೆ ಫೋನು ಮಾಡಿ ಅತ್ತರಂತೆ. ಮುಂದಿನ ದಾರಿ ಸಲೀಸಾಗಿಲ್ಲ. ತೈವಾನಿನಲ್ಲಿ 2019ರ ಮೇ 24ರಿಂದ ಇಂಥ ಮದುವೆಗೆ ಕಾನೂನಿದೆ, ಮುಖ್ಯಭೂಮಿಯಲ್ಲಿ ಇಲ್ಲ. 2017ರಿಂದ ವಯಸ್ಕರು ತಮಗೆ ಬೇಕಾದವರನ್ನು ಪಾಲಕರೆಂದು ಬರೆದಿಡಲು ಅವಕಾಶ ಬಂದಿದ್ದರಿಂದ, ಆಸ್ಪತ್ರೆಯಲ್ಲಿ ಸಹಿ ಹಾಕುವ ಹಕ್ಕಿಗಾದರೂ ಆಗಲಿ ಎಂದು ಕೆಲವು ಜೋಡಿಗಳು ಆ ಕಾಗದ ಮಾಡಿಸಿಕೊಂಡಿವೆ. 2023ರಲ್ಲಿ ಬೀಜಿಂಗಿನಲ್ಲಿ ಇಂಥವರಿಗೆ ನೆರವಾಗುತ್ತಿದ್ದ ಕೇಂದ್ರವೊಂದು ಮುಚ್ಚಿತು. ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟೂ ಇಂಥ ಮದುವೆಗೆ ಮಾನ್ಯತೆ ಕೊಡುವುದು ತನ್ನ ಕೈಯಲ್ಲಿಲ್ಲ ಎಂದಿತು. ಕಾನೂನು ಬರುವಾಗ ಬರಲಿ. ಆ ತಾಯಿ ಕಾನೂನಿಗೆ ಕಾಯಲಿಲ್ಲ.

ಪಾಪ ಯಾರು ಎಂದು ಕೇಳಿದ್ದಳಲ್ಲ ನನ್ನ ಶಿಷ್ಯೆ? ಈಗ ನನಗೆ ತೋಚುವ ಉತ್ತರ ಇದು. ಮನೆತನ ಕೇಳುವುದು ಶಾಸ್ತ್ರವನ್ನು. ಮಕ್ಕಳು ಶಾಸ್ತ್ರ ಮಾಡಿ ತೋರಿಸಿ ತಮ್ಮ ಬದುಕನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಹಿರಿಯರೂ ಅರ್ಧ ಗೊತ್ತಿದ್ದು ಸುಮ್ಮನಿರುತ್ತಾರೆ. ಈ ಸುಮ್ಮನಿರುವಿಕೆಯ ಬೆಲೆಯನ್ನು ತೆರುವವರು ಮಾತ್ರ ಆ ಒಪ್ಪಂದದಲ್ಲಿ ಇಲ್ಲದವರು: ದೊಂಗ್ ಷ್ಯೆನ್‌ನ ಹೆಂಡತಿ, ಕೊಂಡು ತಂದ ಹೆಣ್ಣು, ಹಬ್ಬದ ರಾತ್ರಿ ಹೋಟೆಲಿನಲ್ಲಿ ಉಂಡ ಗೆಳತಿ, ಹೊಲಿಗೆ ಯಂತ್ರದ ಮುಂದೆ ಕೂತ ನನ್ನ ಹುಡುಗಿ.

ನಮ್ಮಲ್ಲಿ ಅನೇಕರು ನಾಳೆಯೋ ನಾಡಿದ್ದೋ ಅತ್ತೆಯರಾಗುವವರು, ಇಲ್ಲವೇ ಯಾರದೋ ಸಂಬಂಧಕ್ಕೆ ನಡುವೆ ನಿಂತು ಮಾತಾಡುವವರು. ಮದುವೆಯ ಮಾತೆತ್ತಿದಾಗ ಮಗನೋ ಮಗಳೋ ತಟ್ಟೆ ಬಿಟ್ಟು ಎದ್ದರೆ, ಜಾತಕ ತರಿಸುವ ಮೊದಲು ಪಕ್ಕದಲ್ಲಿ ಕೂತು ಒಂದು ಮಾತು ಕೇಳಿ. ಏನು ಹೇಳಿದರೂ ಕೇಳಿಸಿಕೊಳ್ಳುತ್ತೇನೆ ಎಂದು ಮೊದಲೇ ಹೇಳಿಟ್ಟು ಕೇಳಿ. ಅಂದು ನಾನು ಕೇಳಬೇಕಾಗಿದ್ದದ್ದು ಅಷ್ಟೇ ಆಗಿತ್ತು.